ಘಾಟಿ ಇಳಿಯದ ಸದಾನಂದ ಭಾವ

ಮನುಷ್ಯನೊಬ್ಬ ತನ್ನ ಎಡಗಾಲನ್ನು ಹೆಂಡತಿಯ ಹಳೆಯ ಸೀರೆಯಂಚಿನಿಂದ ಕುರ್ಚಿಯ ಕಾಲಿಗೆ ಕಟ್ಟಿಕೊಂಡು ಕುಳಿತಿರುವುದನ್ನು ನಾನು ನೋಡಿದ್ದು ಡೊಂಬಿವಲಿಯಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಆ ಮನುಷ್ಯ ಅಕ್ಕನ ಗಂಡ, ಸದಾನಂದ ಭಾವ. ನೆಲದ ಮೇಲಿಟ್ಟ ಮಣೆಯೊಂದನ್ನು ಅವರು ಬಲಗಾಲಿನಿಂದ ಒತ್ತುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಒತ್ತುತ್ತಿದ್ದರು. ಪ್ರತಿ ಸಲವೂ ಎಡಗಾಲು ತಾನೂ ಏಳಲು ಹವಣಿಸಿ, ಸೀರೆಯಂಚನ್ನು ಜಗ್ಗಿ, ಸೋತು ಕೂರುತ್ತಿತ್ತು.

"ನಿನ್ನ ಭಾವನಿಗೆ ಮರುಳು ಹಿಡಿದಿದೆ, ನೋಡು," ಎಂದಳು ಅಕ್ಕ.

"ಮರುಳಲ್ಲ ಮಾರಾಯ್ತಿ, ಅಭ್ಯಾಸ," ಎಂದರು ಭಾವ, ತಲೆಯೆತ್ತದೆ.

ಉಡುಪಿಯ ಕಡೆಯಿಂದ ಬಂದು, ಹೋಟೆಲುಗಳಲ್ಲಿ ಬಹುಕಾಲ ದುಡಿದು, ಕೊನೆಗೆ ಒಂದು ಡೀಸೆಲ್ ಪಿಕಪ್ಪನ್ನೂ ಅದರ ಹಿಂದೆ ಎಳೆದೊಯ್ಯುವ ಎರಡು ಚಕ್ರದ ಜನರೇಟರನ್ನೂ ಸಂಪಾದಿಸಿಕೊಂಡವರು ಅವರು. ಅವು ಲೋಡ್ ಶೆಡ್ಡಿಂಗಿನ ವರ್ಷಗಳು. ಅಂಬರನಾಥದಿಂದ ಘೋಡಬಂದರ್ ರಸ್ತೆಯವರೆಗೆ ಎಲ್ಲಿ ಮದುವೆಯಿದ್ದರೂ ಸಭಾಗೃಹದ ಹಿಂಬದಿಯಲ್ಲಿ ಭಾವನ ಜನರೇಟರು ಗುಡುಗುತ್ತಿತ್ತು. ಅವರು ಊಟಕ್ಕೂ ಏಳದೆ ಅದರ ಪಕ್ಕದಲ್ಲಿ ನಿಂತು, ಹಸುವಿನ ಮೈ ತಡವುವಂತೆ ಅದರ ತಗಡನ್ನು ತಡವುತ್ತಿದ್ದರು. "ಧಾರೆ ಎರೆಯುವಾಗ ಕತ್ತಲೆ ಆದ್ರೆ ಅದು ನನ್ನ ಮರ್ಯಾದೆಯ ಪ್ರಶ್ನೆ" ಎಂಬುದು ಅವರ ಮಾತು. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನನ್ನನ್ನು ಕಂಡರೆ ಅವರಿಗೆ ತಮಾಷೆ. "ನಿಮ್ಮ ಮಕ್ಕಳು ತಪ್ಪಿದ್ರೆ ಒಂದು ಕೆಂಪು ಗೀಟು, ಮಾಸ್ಟ್ರೆ. ನಾವು ತಪ್ಪಿದ್ರೆ ಸೀದಾ ಕಂದಕ," ಎನ್ನುತ್ತಿದ್ದರು.

ಆ ಮಾತು ತಮಾಷೆಯಾಗಿ ಉಳಿಯಲಿಲ್ಲ. ಕಸಾರಾ ಘಾಟಿಯ ಮೇಲಿರುವ ಇಗತಪುರಿಯ ಒಂದು ಸಭಾಗೃಹದ ಕೆಲಸ ಮುಗಿಸಿ, ಅಕ್ಕನನ್ನೂ ಕೂರಿಸಿಕೊಂಡು ಅವರು ಕೆಳಗಿಳಿಯುತ್ತಿದ್ದರು. ಹಿಂದಿನಿಂದ ಜನರೇಟರು ತಳ್ಳುತ್ತಿತ್ತು. ಮುಂದೆ ತಿರುವಿನ ಮೇಲೆ ತಿರುವು. ಒತ್ತಿ ಒತ್ತಿ ಕಾದ ಬ್ರೇಕು ಒಂದು ಹಂತದಲ್ಲಿ ಹಿಡಿಯುವುದನ್ನೇ ನಿಲ್ಲಿಸಿತು. ಚಕ್ರಗಳಿಂದ ಹೊಗೆ ಎದ್ದಿತು. ಭಾವ ಗಾಡಿಯನ್ನು ಬೆಟ್ಟದ ಬದಿಯ ಚರಂಡಿಗೆ ಇಳಿಸಿ, ಬಂಡೆಗೆ ಉಜ್ಜಿ ನಿಲ್ಲಿಸಿದರು. ಅಕ್ಕನ ಭುಜದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಆ ಗಾಡಿಯಲ್ಲಿ ಇನ್ನು ನಾನು ಘಾಟಿ ಇಳಿಯುವುದಿಲ್ಲ. ನೀವೂ ಇಳಿಯಬೇಡಿ."

ಇಳಿಯದೆ ಬದುಕುವುದು ಹೇಗೆ? ಠಾಣೆಯ ಹೊಸ ಸಭಾಗೃಹಗಳೆಲ್ಲ ಅಷ್ಟರಲ್ಲಿ ಸ್ವಂತ ಜನರೇಟರು ಇಟ್ಟುಕೊಂಡಿದ್ದವು. ವರ್ಷವಿಡೀ ಕರೆಯುವ ಗಿರಾಕಿಯೆಂದು ಉಳಿದಿದ್ದದ್ದು ಇಗತಪುರಿಯದೊಂದೇ. ಮುಂದಿನ ಮದುವೆಯ ಕಾಲಕ್ಕೆ ಭಾವ ಆಗಲೇ ಮಾತು ಕೊಟ್ಟಿದ್ದರು.

ದಾರಿ ಕಾಣದೆ ಅವರು ಕಲ್ಯಾಣದ ಮೆಕ್ಯಾನಿಕ್ ನಿಂಗಪ್ಪನ ಬಳಿಗೆ ಹೋದರು, ನಾನೂ ಜೊತೆಗಿದ್ದೆ. ನಿಂಗಪ್ಪ ವಿಜಾಪುರದ ಕಡೆಯವನು. ಜನರೇಟರಿನ ಚಕ್ರಗಳಿಗೇ ಬ್ರೇಕ್ ಹಾಕಬಹುದೇ ಎಂದು ಭಾವ ಕೇಳಿದರು. ಅಚ್ಚನ್ನೇ ಬದಲಿಸಬೇಕು, ಅಷ್ಟರಲ್ಲಿ ಮದುವೆಯ ಕಾಲ ಮುಗಿದಿರುತ್ತದೆ ಎಂದ ಅವನು. ದೊಡ್ಡ ಲಾರಿಗಳಲ್ಲಿರುವಂಥ ಎಗ್ಸಾಸ್ಟ್ ಬ್ರೇಕ್? ಅದು ಗಾಳಿಯ ಒತ್ತಡದಿಂದ ನಡೆಯುವಂಥದ್ದು, ಪಿಕಪ್ಪಿನಲ್ಲಿ ಆ ಗಾಳಿಯೇ ಇಲ್ಲ. ಉಳಿದದ್ದು ಅದೇ ಬ್ರೇಕಿನ ಇನ್ನೊಂದು ಬಗೆ, ಕೈಯಿಂದ ಕೇಬಲ್ ಎಳೆದು ನಡೆಸುವಂಥದ್ದು.

"ಡೀಸೆಲ್ ಎಂಜಿನ್ನಾ ಎಕ್ಸಲೇಟರ್ ಮ್ಯಾಲಿನ ಕಾಲ್ ತೆಗದ್ರ ಗಾಡೀನ ಅಷ್ಟು ಹಿಡಿಯಂಗಿಲ್ರಿ ಶೆಟ್ರ," ಎಂದ ನಿಂಗಪ್ಪ. "ಸೈಲೆನ್ಸರ್ ಪೈಪಿನ್ಯಾಗ ಒಂದು ಬಾಗ್ಲಾ ಕೂಡಸ್ತೀನಿ. ನೀವು ಕೇಬಲ್ ಎಳದ್ರಿ ಅಂದ್ರ ಬಾಗ್ಲಾ ಮುಚ್ಚತೈತಿ, ಹೊಗಿ ಒಳಗ ಸಿಗಬೀಳತೈತಿ, ಎಂಜಿನ್ನಾ ಉಸಿರು ಕಟ್ಟಿ ಗಾಡೀನ ಹಿಡೀತೈತಿ. ಬ್ರೇಕ್ ತಣ್ಣಗ ಇರ್ತಾವ. ಆದ್ರ ಕ್ಲಚ್ ಒತ್ತಬ್ಯಾಡ್ರಿ. ಒತ್ತಿದ್ರಿ ಅಂದ್ರ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಹರೀತು. ಆಮ್ಯಾಲ ದೇವರ ಕೈ."

ಭಾವನ ಮುಖ ಬಾಡಿತು. ಡೊಂಬಿವಲಿ, ಠಾಣೆಗಳ ದಟ್ಟಣೆಯಲ್ಲಿ ಗಾಡಿ ಓಡಿಸಿ ಓಡಿಸಿ, ಬ್ರೇಕ್ ಒತ್ತುವಾಗಲೆಲ್ಲ ಕ್ಲಚ್ಚನ್ನೂ ಒತ್ತುವುದು ಅವರ ಮೈಗೆ ಅಂಟಿಕೊಂಡಿತ್ತು. ಅಂದಿನಿಂದಲೇ ಸೀರೆಯಂಚಿನ ಅಭ್ಯಾಸ ಆರಂಭವಾದದ್ದು.

ಬ್ರೇಕ್ ಕೂಡಿಸಿದ ಮೇಲೆ ಘೋಡಬಂದರ್ ರಸ್ತೆಯ ಗಾಯಮುಖದ ಇಳಿಜಾರಿನಲ್ಲಿ ಪರೀಕ್ಷೆ ನಡೆಯಿತು. "ನೀವು ರಸ್ತೆ ನೋಡುವುದು ಬೇಡ ಮಾಸ್ಟ್ರೆ, ನನ್ನ ಎಡಗಾಲು ನೋಡಿ. ಎದ್ರೆ ಕೂಗಿ," ಎಂದರು. ಕೇಬಲ್ ಎಳೆದೊಡನೆ ಎಂಜಿನ್ನು ಗಂಟಲು ಹಿಸುಕಿದಂತೆ ನರಳಿತು. ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದಂತೆ ವೇಗ ಇಳಿಯಿತು. ಅಪಘಾತವಾದ ಮೇಲೆ ಭಾವ ನಕ್ಕದ್ದು ಅಂದೇ ಮೊದಲು. "ಹಿಡಿಯಿತು! ಕಂಡಿರಾ, ಹಿಡಿಯಿತು!" ಎಂದರು.

ಆ ಕ್ಷಣದಲ್ಲಿಯೇ ರಿಕ್ಷಾ ಒಂದು ಅಡ್ಡ ಬಂದಿತು. ಭಾವನ ಎರಡೂ ಕಾಲುಗಳು ಒಟ್ಟಿಗೆ ಕೆಳಗಿಳಿದವು. ಎಂಜಿನ್ನಿನ ನರಳಿಕೆ ನಿಂತು, ಜನರೇಟರು ನಮ್ಮನ್ನು ಮುಂದಕ್ಕೆ ನೂಕಿತು. "ಭಾವಾ, ಕಾಲು!" ಎಂದು ನಾನು ಕಿರುಚಿದೆ. ಅವರು ಎಡಗಾಲನ್ನು ಕಿತ್ತುಕೊಂಡರು. ಎಂಜಿನ್ನು ಮತ್ತೆ ಹಿಡಿದು, ರಿಕ್ಷಾಕ್ಕೆ ತಗಲುವ ಮುನ್ನ ಗಾಡಿ ನಿಂತಿತು. "ಕಾಯ್ ಶೇಟ್, ಝೋಪ್ಲಾ ಕಾ?" ಎಂದು, ನಿದ್ದೆ ಹೋಗಿದ್ದೆಯಾ ಎಂದು ಬೈದು, ರಿಕ್ಷಾದವನು ಹೊರಟುಹೋದ.

ಭಾವ ಕೆಳಗಿಳಿದು ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತರು. ಎಡಗಾಲನ್ನು ನೋಡುತ್ತ ಹೇಳಿದರು: "ಬ್ರೇಕ್ ಸರಿ ಉಂಟು. ಈ ಒಂದು ಕಾಲು ನನ್ನ ಮಾತು ಕೇಳುವುದಿಲ್ಲ, ಮಾಸ್ಟ್ರೆ. ಇನ್ನೆಂತ ಮಾಡುವುದು?" ಅವರ ಕಣ್ಣು ತುಂಬಿತ್ತು.

ಆದರೂ ಅವರು ಇಗತಪುರಿಗೆ ಹೋದರು, ಕೊಟ್ಟ ಮಾತಿತ್ತು. ಏರುವಾಗ ತೊಂದರೆಯಾಗಲಿಲ್ಲ. ಮದುವೆಗಳೆಲ್ಲ ಬೆಳಕಿನಲ್ಲಿಯೇ ಮುಗಿದವು. ಮರಳುವ ದಿನ ಘಾಟಿಯ ನೆತ್ತಿಯ ತನಕ ಬಂದು, ಗಾಡಿ ನಿಲ್ಲಿಸಿ, ಕೆಳಗೆ ನೋಡಿ, ತಿರುಗಿಸಿಕೊಂಡು ಹೋದರು. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಸಭಾಗೃಹದವರನ್ನು ಕೇಳಿ ಅಲ್ಲಿಯೇ ಒಂದು ಕೋಣೆ ಹಿಡಿದರು. ಅಕ್ಕ ಫೋನಿನಲ್ಲಿ ಅತ್ತಳು, ಗದರಿದಳು. ಭಾವ ಆಗಾಗ ರೈಲಿನಲ್ಲಿ ಬಂದು, ಎರಡು ದಿನ ಇದ್ದು, ಗಾಡಿಯ ಚಿಂತೆಯಲ್ಲಿ ಮರಳುತ್ತಿದ್ದರು.

ಅವರನ್ನು ಕರೆತರಲೆಂದು ನಾನೊಮ್ಮೆ ಐರೋಲಿಯ ನನ್ನ ಮನೆಯಿಂದ ಹೊರಟು, ಕಲ್ಯಾಣದಲ್ಲಿ ರೈಲು ಹಿಡಿದು ಇಗತಪುರಿಗೆ ಹೋದೆ. ಅವರು ಬಹಳ ಸೊರಗಿಹೋಗಿದ್ದರು. "ಡ್ರೈವರನೊಬ್ಬನನ್ನು ಗೊತ್ತುಮಾಡೋಣ, ಭಾವ. ಅವನು ಇಳಿಸಲಿ," ಎಂದೆ.

"ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸ್ತಾನೆ ಅವನು. ಗಾಡಿ ಕಂದಕಕ್ಕೆ ಬಿದ್ರೆ ಅವನ ಹೆಂಡತಿಗೆ ನೀವು ಹೇಳ್ತೀರಾ, ನಾನು ಹೇಳಬೇಕಾ?"

"ಹಾಗಾದರೆ ಇಲ್ಲಿಯೇ ಮಾರಿಬಿಡಿ."

"ಕೊಂಡವನು ಇಳಿಸುವುದಿಲ್ವಾ?"

"ದೊಡ್ಡ ಲಾರಿಯ ಮೇಲೆ ಹೇರಿ ತರಿಸೋಣ."

"ಆ ಲಾರಿಯವನಿಗೂ ಎಡಗಾಲು ಉಂಟಲ್ಲ, ಮಾಸ್ಟ್ರೆ," ಎಂದರು.

ವಾದದಲ್ಲಿ ಅವರನ್ನು ಸೋಲಿಸಬಹುದಿತ್ತು. ಅವರ ಮುಖ ನೋಡಿ ನಾನು ಚೀಲ ಎತ್ತಿಕೊಂಡು ಹೊರಟೆ. ಅವರು ನಿಲ್ದಾಣದ ತನಕ ಬಂದು, ನನ್ನ ಕೈಗೊಂದು ಚಹಾ ಕೊಟ್ಟು, "ಅವಳನ್ನು ಒಮ್ಮೆ ರೈಲಿನಲ್ಲಿ ಕರಕೊಂಡು ಬನ್ನಿ," ಎಂದರು. ಅದೇ ಕೊನೆಯ ಭೇಟಿ. ಮಳೆಗಾಲ ಕಳೆದ ಮೇಲೊಂದು ಮುಂಜಾನೆ ಅವರ ಹೃದಯ ನಿಂತಿತು.

ಅಕ್ಕ ನನ್ನ ಜೊತೆ ರೈಲಿನಲ್ಲಿ ಇಗತಪುರಿಗೆ ಬಂದಳು, ಸುಡುವ ಕೆಲಸವೂ ಅಲ್ಲಿಯೇ ಮುಗಿಯಿತು. ಗಾಡಿಯನ್ನು ಡೊಂಬಿವಲಿಗೆ ಇಳಿಸಿ ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಬಂಧುಗಳು ಸಲಹೆ ಕೊಟ್ಟರು. ಆ ಗಾಡಿಯಲ್ಲಿ ಇಳಿಯಬೇಡಿ ಎಂದು ಗಂಡನಿಗೆ ಹೇಳಿದವಳು ಅವಳೇ. ಅವಳು ಆ ಊರಿನ ಗುಜರಿಯವನನ್ನು ಕರೆಸಿದಳು. ಅವನು ಎಂಜಿನ್ ಚಾಲೂ ಮಾಡಿ ನೋಡಿ, ಬೆರಗಾಗಿ, "ಬಾಈ, ಗಾಡೀ ಚಾಲೂ ಆಹೆ. ಕಶಾಲಾ ಕಾಪಾಯಚೀ?" ಎಂದು ಕೇಳಿದ. ಓಡುವ ಗಾಡಿಯನ್ನು ಕತ್ತರಿಸುವುದೇಕೆ ಎಂಬುದು ಅವನ ಪ್ರಶ್ನೆ.

"ಕಾಪಾ," ಎಂದಳು ಅಕ್ಕ.

ಗ್ಯಾಸ್ ಕಟ್ಟರಿನ ಕಿಡಿಗಳು ಹಾರಿದವು. ಮೊದಲು ಜನರೇಟರನ್ನು ಎಳೆಯುವ ಕೊಕ್ಕೆ ಬಿತ್ತು, ಆಮೇಲೆ ಜನರೇಟರಿನ ಅಚ್ಚು, ಆಮೇಲೆ ಪಿಕಪ್ಪಿನದು. ಕೊನೆಯ ಚಕ್ರ ಕಳಚುವ ತನಕ ಅವಳು ಬಿಸಿಲಿನಲ್ಲಿ ನಿಂತೇ ಇದ್ದಳು. ನಾವು ರೈಲಿನಲ್ಲಿ ಇಳಿದೆವು. ಘಾಟಿಯ ಬುಡದ ಕಸಾರಾ ದಾಟುವವರೆಗೆ ಅಕ್ಕ ಕಿಟಕಿಯ ಸರಳನ್ನು ಬಿಡಲಿಲ್ಲ.