ಹುಟ್ಟುಗುಣದ ಬಗ್ಗೆ ನಾನು ಹೇಳಿದ ಸುಳ್ಳು

ಆ ಹೆಣ್ಣುಮಗು ನಿಮ್ಮ ಮಡಿಲಿಗೆ ಬಾರದಂತೆ ಮಾಡಿದವನು ನಾನು, ಅತ್ತಿಗೆ. ದೊಡ್ಡಪ್ಪನಲ್ಲ, ಅಣ್ಣನೂ ಅಲ್ಲ. ಇಷ್ಟು ವರ್ಷ ನೀವು ಅವರ ಮೇಲೆ ಮುನಿಸಿಕೊಂಡಿರಿ, ನಾನು ನೀವು ಬಡಿಸಿದ್ದನ್ನು ಉಣ್ಣುತ್ತ ಸುಮ್ಮನಿದ್ದೆ.

ಆಗ ವಿಜಯನಗರದಲ್ಲಿ ಮೆಟ್ರೊ ಕಂಬಗಳು ಎದ್ದಿರಲಿಲ್ಲ. ನಾನು ರಾಜಾಜಿನಗರದ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದೆ. ಹೊಸದಾಗಿ ಪಾಠ ಹೇಳಲು ಸೇರಿದ ಹುಡುಗಿಯೊಬ್ಬಳು, ನಮ್ಮ ವಿಭಾಗದವಳೇ, ಎಲ್ಲವೂ ಸಮಾಜ ರಚಿಸಿಕೊಂಡದ್ದು ಎಂದು ವಾದಿಸುವಳು. ನಾನು ಎದುರು ಪಕ್ಷ. ಯಾರೂ ನೋಡದಿದ್ದರೂ ಬೆಟ್ಟ ಬೆಟ್ಟವೇ; ಊರೆಲ್ಲ ಸೇರಿ ತಗಡು ಎಂದರೂ ಚಿನ್ನ ಚಿನ್ನವೇ; ವಸ್ತುವಿಗೆ ತನ್ನದೇ ಸ್ವಭಾವವಿದೆ. ಇಂದಿಗೂ ಅದನ್ನು ನಂಬುತ್ತೇನೆ. ಆದರೆ ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅವಳಿಗೆ ಸೋತು, ಉರಿಯುತ್ತಲೇ ಬಸವೇಶ್ವರನಗರದ ನಿಮ್ಮ ಮನೆಗೆ ಬಂದಿದ್ದೆ —

ನೀವು ಕೆಂಗೇರಿ ಕಡೆಯ ಅನಾಥಾಶ್ರಮದಲ್ಲಿ ದತ್ತು ತೆಗೆದುಕೊಳ್ಳಬೇಕೆಂದಿದ್ದ ಮಗುವನ್ನು ನೋಡಿ ಬಂದಿದ್ದಿರಿ. ಅದು ನಿಮ್ಮ ಸೆರಗು ಹಿಡಿದು ಬಿಡಲಿಲ್ಲವೆಂದು ಹೇಳಿ ಹೇಳಿ ನಗುತ್ತಿದ್ದಿರಿ. ಅಯ್ಯನವರನ್ನು ಕರೆಸಿ ಲಿಂಗ ಕಟ್ಟಿಸುವ ದಿನವನ್ನೂ ಯೋಚಿಸಿದ್ದಿರಿ. ದೊಡ್ಡಪ್ಪ ನನ್ನತ್ತ ತಿರುಗಿದರು.

"ಏನಪ್ಪಾ ಮೇಷ್ಟ್ರೇ, ಕಾಲೇಜಲ್ಲಿ ದೊಡ್ಡ ದೊಡ್ಡ ಮಾತಾಡ್ತೀಯಲ್ಲ. ಲಿಂಗ ಕಟ್ಟಿದ ಕೂಡ್ಲೇ ಯಾರದೋ ಕೂಸು ನಮ್ದಾಗುತ್ತಾ?"

"ಆಗುತ್ತೆ ಮಾವ" ಎಂದಿರಿ ನೀವು. "ನಾನು ಆಗಿಲ್ವಾ ಈ ಮನೆಯವಳು? ನನ್ನೇನು ನೀವು ಹೆತ್ರಾ?"

ದೊಡ್ಡಪ್ಪನೇ ನಕ್ಕುಬಿಟ್ಟರು. ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಮಾತ್ರ ಮತ್ತೊಮ್ಮೆ ಸೋತಂತಾಯಿತು.

"ಹಾಗಲ್ಲ ದೊಡ್ಡಪ್ಪ. ಸ್ವಭಾವ ಹುಟ್ಟಿನಲ್ಲೇ ಬಂದಿರುತ್ತೆ. ನಾವು ಏನು ಮಾಡಿದ್ರೂ, ಏನು ಹೆಸರಿಟ್ರೂ ಅದು ಬದಲಾಗಲ್ಲ."

ನಿಮ್ಮ ನಗು ನಿಂತಿತು. "ನಿಜ ಹೇಳು ನಾಗರಾಜಾ. ನೀನು ಓದಿರೋದ್ರಲ್ಲಿ ಹಾಗೇ ಇದೆಯಾ?"

"ಇದೆ."

ಇರಲಿಲ್ಲ, ಅತ್ತಿಗೆ. ಬೆಟ್ಟಕ್ಕೂ ಚಿನ್ನಕ್ಕೂ ಹೇಳಿದ ಮಾತನ್ನು ಮನೆತನಕ್ಕೆ ಹೊಂದಿಸಿದ್ದು ನಾನು. ಮನುಷ್ಯರ ಕೂಸಿಗೆ ಮನುಷ್ಯಸ್ವಭಾವವಿದೆ ಎಂಬುದರಾಚೆಗೆ ಆ ತತ್ತ್ವ ಒಂದು ಹೆಜ್ಜೆಯೂ ಇಡುವುದಿಲ್ಲ. ಯಾರ ಮನೆಯ ಮಗುವಾಗಬೇಕೆಂದು ಅದು ಹೇಳುವುದೇ ಇಲ್ಲ. ಇದು ನನಗೆ ಆ ಕ್ಷಣವೇ ಗೊತ್ತಿತ್ತು — ನಾಲಿಗೆಯ ಮೇಲೆ ಆ ಮಾತು ಇರುವಾಗಲೇ ಗೊತ್ತಿತ್ತು. ಮರುದಿನ ಅಣ್ಣ ಆಶ್ರಮಕ್ಕೆ ಫೋನ್ ಮಾಡಿ ಬೇಡವೆಂದರು. ಆಗಲೂ ನಾನು ಬಾಯಿ ಬಿಡಬಹುದಿತ್ತು.

ಇಷ್ಟನ್ನೂ ನುಂಗಿಕೊಂಡೇ ಇರುತ್ತಿದ್ದೆನೋ ಏನೋ. ಆದರೆ ಮೊನ್ನೆ ನಿಮ್ಮ ಪಕ್ಕದ ಮನೆಯ ಸುಮಾ ಬಂದಿದ್ದರಲ್ಲ — ದತ್ತು ತೆಗೆದುಕೊಳ್ಳಲೆಂದು ಗಂಡನನ್ನು ಒಪ್ಪಿಸಿದ್ದಾರಂತೆ, ಮಗುವನ್ನೂ ನೋಡಿದ್ದಾರಂತೆ. ನೀವು ಕಾಫಿ ಲೋಟ ಕೊಡುತ್ತ ಎಷ್ಟು ಮೆಲ್ಲಗೆ ಹೇಳಿದಿರಿ! "ಬೇಡ ಕಣೇ. ನಮ್ಮ ಮೈದುನ ಓದಿದವನು, ಸುಳ್ಳು ಹೇಳಲ್ಲ. ಹುಟ್ಟುಗುಣ ಹೋಗಲ್ವಂತೆ." ಸುಮಾ ನನ್ನ ಮುಖ ನೋಡಿದರು. ನಾನು ಪೇಪರ್ ಮಡಿಸುತ್ತ ಕೂತೆ. ಅವರೂ ಈಗಾಗಲೇ ಫೋನ್ ಮಾಡಿಬಿಟ್ಟಿದ್ದರೆ — ಇನ್ನೊಂದು ಕೂಸು —

ನಾಳೆ ಬೆಳಿಗ್ಗೆಯೇ ಬರುತ್ತೇನೆ. ಮೊದಲು ಸುಮಾ ಅವರ ಬಾಗಿಲು ತಟ್ಟುತ್ತೇನೆ, ಅವರನ್ನು ಕರೆದುಕೊಂಡೇ ನಿಮ್ಮಲ್ಲಿಗೆ ಬರುತ್ತೇನೆ. ನಾನು ಓದಿದ್ದರಲ್ಲಿ ಹಾಗಿಲ್ಲ, ಸುಳ್ಳು ಹೇಳಿದ್ದೆ ಎಂದು ನಿಮ್ಮಿಬ್ಬರೆದುರೇ ಹೇಳುತ್ತೇನೆ. ಅವರು ಎದ್ದು ಹೋಗುತ್ತಾರೆ. ಆಮೇಲೆ ನಾವಿಬ್ಬರೇ ಉಳಿಯುತ್ತೇವಲ್ಲ ಅತ್ತಿಗೆ — ನೀವು ಹೊರಗೆ ಹೋಗು ಎನ್ನುವ ತನಕ ಕೂತಿರುತ್ತೇನೆ.