ಸುರಗಿ ನೀರಿಗೆ ಕೂತ ಪೆಂಟಾಕ್ಸ್

ನವಲಗುಂದದ ನನ್ನ ಕ್ಯಾಮರಾ ಅಂಗಡಿಯ ಬೋರ್ಡಿನ ಮೇಲೆ ಎರಡು ದೊಡ್ಡ ಕಂಪನಿಗಳ ಹೆಸರುಗಳಿವೆ. ನನ್ನ ಹೆಸರು ಕೆಳಗೆ, ಸಣ್ಣದಾಗಿ. ಬೋರ್ಡು ಮಾಡಿಸಿಕೊಟ್ಟವರು ಅವರೇ, ದೂರುವಂತಿಲ್ಲ. ಊರಿನ ಮದುವೆ ಫೋಟೋಗ್ರಾಫರರ ಕೊರಳಲ್ಲೂ ಅವೇ ಎರಡು ಹೆಸರು. ಅವರಲ್ಲೇ ಒಬ್ಬಳಾದ ಭಾಗ್ಯಾಳ ಕೊರಳಲ್ಲಿ ಮಾತ್ರ ಪೆಂಟಾಕ್ಸ್ ಎಂಬ ಸಣ್ಣ ಕಂಪನಿಯ ಕ್ಯಾಮರಾ. ನಾನು ತರಿಸಿಕೊಡಲು ಒಪ್ಪದಿದ್ದಾಗ ಅವಳು ಅದನ್ನು ಮುಂಬೈಯಿಂದ ತರಿಸಿಕೊಂಡಿದ್ದಳು.

ಅವಳನ್ನು ಮದುವೆಗಳಿಗೆ ಕರೆಯುತ್ತಿದ್ದವನು ದೊಡ್ಡ ಸ್ಟುಡಿಯೋದ ಸಂಗನಬಸವ. ಅವನ ತಂಡದಲ್ಲಿ ಒಬ್ಬರ ಲೆನ್ಸು ಇನ್ನೊಬ್ಬರ ಕ್ಯಾಮರಾಕ್ಕೆ ಕೂಡಬೇಕು. ಇವಳದ್ದು ಯಾರದಕ್ಕೂ ಕೂಡದು. ಈ ಸಲ ಮದುವೆಗಳು ಶುರುವಾಗುವ ಮುಂಚೆ ಅವಳನ್ನು ನನ್ನ ಅಂಗಡಿಗೇ ಕರೆತಂದ.

"ಕಾಕಾ, ಈಕಿ ಡಬ್ಬಿ ಇಟ್ಕೊಂಡು ನಮ್ಮ ಕಂಪನೀದು ಕೊಡ್ರಿ. ಇಲ್ಲಾಂದ್ರ ನಾ ಇನ್ನ ಈಕಿನ್ನ ಕರಿಯಂಗಿಲ್ಲ."

"ನಿಮ್ಮ ಕಂಪನಿ? ಅದರಾಗ ನಿನಗ ಪಾಲು ಐತೇನಣ್ಣಾ?" ಎಂದಳು ಭಾಗ್ಯಾ.

ನಾನು ನಗು ನುಂಗಿದೆ, ಇಬ್ಬರೂ ಗಿರಾಕಿಗಳು. "ದೊಡ್ಡವ್ರ ಬೆನ್ನಿಗೆ ಇದ್ರ ಚಲೋ ನೋಡವಾ," ಎಂದೆ.

"ಸಣ್ಣ ಕಂಪನಿ ಪುಕ್ಕಟ ಬದುಕಿಲ್ಲ ಕಾಕಾ. ನೀರು ತಡಿಯೋ ರಬ್ಬರು ನಿಮ್ಮವ್ರು ತುಟ್ಟಿ ಕ್ಯಾಮರಾಕ್ಕ ಹಾಕ್ತಾರ, ಇವ್ರು ಕಡಿಮಿ ರೇಟಿನದ್ದಕ್ಕೂ ಹಾಕ್ಯಾರ. ನಮ್ಮಪ್ಪನ ರೀಲಿನ ಕಾಲದ ಲೆನ್ಸೂ ಇದಕ್ಕ ಕೂಡತಾವ. ಯರಗುಪ್ಪಿ ಮದವಿ ಇದರಾಗ ಹೊಡೀತೀನಿ. ಕೆಟ್ರ ನಾನಽ ತಂದು ಇಲ್ಲಿ ಒಗದು ಹೋಗ್ತೀನಿ."

ಅದೊಂದು ಮದುವೆಗೆ ಸಂಗನಬಸವ ಒಪ್ಪಿದ. ಯರಗುಪ್ಪಿಯ ಮದುಮಗಳು ನನ್ನ ತಂಗಿಯ ಮಗಳು, ಹಾಗಾಗಿ ನಾನೂ ಅಲ್ಲಿದ್ದೆ. ನಾಲ್ಕು ಮೂಲೆಗೆ ತುಂಬಿದ ಚರಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಅರಿಷಿಣದ ನೀರೆರೆಯುವುದೇ ಸುರಗಿ. ನಮ್ಮ ಹೆಂಗಸರು ಅದನ್ನು ಶಾಸ್ತ್ರಕ್ಕೇ ನಿಲ್ಲಿಸುವವರಲ್ಲ, ಸಿಕ್ಕವರಿಗೆಲ್ಲ ಎರಚುತ್ತಾರೆ. ಸಂಗನಬಸವನ ಹುಡುಗರು ಕ್ಯಾಮರಾಗಳಿಗೆ ಕ್ಯಾರಿಬ್ಯಾಗ್ ತೊಡಿಸಿ ಗೋಡೆಗೆ ಆತು ನಿಂತರು. ಭಾಗ್ಯಾ ವೇಲನ್ನು ನಡುವಿಗೆ ಬಿಗಿದು ನೂಲಿನ ಪಕ್ಕದಲ್ಲೇ ಕೂತಳು. ಮದುಮಗಳ ಸೋದರತ್ತೆ ಫಕೀರವ್ವ ಒಂದು ಚರಿಗೆ ನೀರನ್ನು ಭಾಗ್ಯಾಳ ತಲೆಯ ಮೇಲೇ ಸುರಿದಳು. ಕ್ಯಾಮರಾದಿಂದ ಹಳದಿ ನೀರು ಇಳಿಯಿತು. ಗೋಡೆಯ ಕಡೆಯಿಂದ ನಗು ಕೇಳಿಸಿತು.

"ಯಾಕ ನಿಂತಿ ಯವ್ವಾ? ಇನ್ನೊಂದು ಚರಗಿ ಹಾಕು!" ಎನ್ನುತ್ತ ಭಾಗ್ಯಾ ಕ್ಲಿಕ್ಕಿಸುತ್ತಲೇ ಇದ್ದಳು.

ವಾರದ ಮೇಲೆ ಆಲ್ಬಮ್ಮಿಗೆ ಫೋಟೋ ಆರಿಸಲು ನನ್ನ ತಂಗಿ ಸಂಗನಬಸವನ ಸ್ಟುಡಿಯೋಕ್ಕೆ ಬಂದಳು, ಜೊತೆಗೆ ನಾನು. ಭಾಗ್ಯಾಳೂ ಅಲ್ಲಿದ್ದಳು. ಹುಡುಗರು ತೆಗೆದ ಸುರಗಿಯಲ್ಲಿ ಅತ್ತೆ ಚಿಗವ್ವಂದಿರ ಬೆನ್ನುಗಳು ಬಹಳ ಚೆನ್ನಾಗಿ ಬಂದಿದ್ದವು. ಭಾಗ್ಯಾಳದರಲ್ಲಿ ಮದುಮಗಳು ಕಣ್ಣು ಮುಚ್ಚಿ ನಗುತ್ತಿದ್ದಳು, ಮೂಗಿನ ತುದಿಯಲ್ಲಿ ಹಳದಿ ಹನಿ.

"ಈ ಹುಡಿಗಿ ತಗದಿದ್ದಷ್ಟಽ ಹಾಕು," ಎಂದಳು ತಂಗಿ.

ಸಂಗನಬಸವ ಕೆಮ್ಮಿದ. "ಆತು ಭಾಗ್ಯಾ, ಬಾ. ಸುರಗಿಗೆ ನಿನ್ನ ಡಬ್ಬಿ ಇರಲಿ. ತಾಳಿ ಕಟ್ಟಿ ಅಕ್ಕಿಕಾಳು ಬೀಳೂ ಮುಂದ ಸ್ಟೇಜ್ ಮ್ಯಾಲ ಮಾತ್ರ ನಮ್ಮದು."

"ಸುರಗಿಗೆ ಬೇಕಾದ್ರ ಅಕ್ಕಿಕಾಳಿಗೂ ಬೇಕು. ಇಲ್ಲಾಂದ್ರ ಮುಂದಿನ ಮದವ್ಯಾಗ ನೀನಽ ನೀರಾಗ ಕುಂದ್ರಣ್ಣಾ."

ಮುಂದಿನ ಮದುವೆ ದೇವಿಕೊಪ್ಪದಲ್ಲಿ. ಅಕ್ಕಿಕಾಳು ಬೀಳುವಾಗ ಸ್ಟೇಜಿನ ನಡುವೆ ಭಾಗ್ಯಾ ಪೆಂಟಾಕ್ಸ್ ಹಿಡಿದು ನಿಂತಿದ್ದಳು. ಸಂಗನಬಸವ ಅವಳ ಬಾಜು, ಅರ್ಧ ಹೆಜ್ಜೆ ಹಿಂದೆ.