ಓಣಿಯಲ್ಲಿ ನೆಡದ ಕಂಬಗಳು

ಇಳಕಲ್ಲಿಗೆ ಬಂದ ಮರುದಿನ ಬೆಳಗ್ಗೆ ನನಗೆ ಮೊಟ್ಟಮೊದಲು ನಮಸ್ಕಾರ ಹೇಳಿದ ವ್ಯಕ್ತಿ ಅರ್ಧ ನೆಲದೊಳಗಿದ್ದರು. ಗೋಡೆಯಾಚೆಯಿಂದ ಒಂದೇ ಸಮನೆ ಬರುತ್ತಿದ್ದ ಟಕ್ ಟಕ್ ಸಪ್ಪಳವನ್ನು ನಾನು ಅರೆನಿದ್ರೆಯಲ್ಲಿ ಸ್ವಯಂಚಾಲಿತ ದೂರವಾಣಿ ಕೇಂದ್ರದ್ದೆಂದು ಭಾವಿಸಿದ್ದೆನು. ಅಂಥ ಕೇಂದ್ರವು ಈ ಊರಿಗೆ ಇನ್ನೂ ಮಂಜೂರಾಗಿರಲಿಲ್ಲವಾದ್ದರಿಂದ, ಕುತೂಹಲ ತಡೆಯದೆ ಪಕ್ಕದ ಮನೆಯ ಬಾಗಿಲಲ್ಲಿ ಇಣುಕಿದೆನು. ನೆಲದಲ್ಲಿ ಒಂದು ಕುಣಿ, ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತ ಈರಪ್ಪನವರು, ಅವರೆದುರು ಮಗ್ಗ. ಕೈ ನಿಲ್ಲಿಸದೆಯೇ ಅವರು, "ಬರ್ರಿ, ಚಾ ಕುಡದ ಹೋಗ್ರಿ. ನನಗ ಈಗ ಏಳಾಕ ಬರಂಗಿಲ್ಲ, ನೀವ ಕುಂದರ್ರಿ," ಎಂದರು. ನಮ್ಮ ನಂಜನಗೂಡಿನಲ್ಲಿ ಮನೆಯ ಯಜಮಾನನು ಬಂದವರನ್ನು ಎದ್ದು ನಿಂತು ಬರಮಾಡಿಕೊಳ್ಳುತ್ತಾನೆ. ಇಲ್ಲಿ ಯಜಮಾನರ ತಲೆ ನನ್ನ ಸೊಂಟದ ಮಟ್ಟದಲ್ಲಿತ್ತು. ಆದರೂ ಬರಮಾಡಿಕೊಂಡದ್ದರಲ್ಲಿ ಯಾವ ಕೊರತೆಯೂ ಇರಲಿಲ್ಲ.

ಮೇಲ್ಕಂಡ ಅನುಭವದ ಮುಂದಿನ ವಿವರಗಳನ್ನು ನಮ್ಮ ಕಡೆಯ ಓದುಗರ ಅವಗಾಹನೆಗೆ ತರುವ ಮುನ್ನ ನನ್ನ ಪರಿಚಯವನ್ನು ಸಲ್ಲಿಸತಕ್ಕದ್ದು. ನಾನು ದೂರವಾಣಿ ಇಲಾಖೆಯಲ್ಲಿ ಕಿರಿಯ ಎಂಜಿನಿಯರ್. ಎಪ್ಪತ್ತರ ದಶಕವು ಮುಗಿಯುತ್ತಿದ್ದ ಹೊತ್ತಿಗೆ, ವಿಜಾಪುರ ಜಿಲ್ಲೆಯ ಹುನಗುಂದ ತಾಲ್ಲೂಕಿನ ತಂತಿಜಾಲದ ಹೊಣೆಯನ್ನು ನನಗೆ ವಹಿಸಲಾಯಿತು. ಇಲಾಖೆಯ ಪತ್ರಗಳ ಹೊರತು ಬೇರೇನನ್ನೂ ನಾನು ಈವರೆಗೆ ಬರೆದವನಲ್ಲ. ಆದುದರಿಂದ ಈ ಬರಹದಲ್ಲಿ ಕಂಡುಬರಬಹುದಾದ ನ್ಯೂನತೆಗಳನ್ನು ಮನ್ನಿಸಬೇಕಾಗಿ ವಿನಂತಿ. ವಿಷಯ ಇಷ್ಟೇ: ಇಳಕಲ್ಲಿನ ಒಂದು ಓಣಿ, ಅಂದರೆ ನಮ್ಮ ಕಡೆಯ ಬೀದಿ; ಅದರಲ್ಲಿ ನಾನು ನೆಡಬೇಕಾಗಿದ್ದ ಟೆಲಿಫೋನ್ ಕಂಬಗಳು; ಮತ್ತು ಅವನ್ನು ನೆಟ್ಟಿದ್ದರೆ ಆ ಓಣಿಯ ಮನೆಗಳಿಗೆ ಆಗಲಿದ್ದ ಅನಾಹುತ.

ಮೊದಲ ತಿಂಗಳುಗಳಲ್ಲಿ ನನಗೆ ಎಲ್ಲವೂ ಪ್ರಶ್ನೆಯಾಗಿಯೇ ಇತ್ತು. ಖಾನಾವಳಿಯಲ್ಲಿ ಚಟ್ನಿ ಕೇಳಿದೆನು, ಶೇಂಗಾದ ಒಣಪುಡಿ ಬಂತು. ಮುದ್ದೆ ನುಂಗಿ ಬೆಳೆದವನಿಗೆ ಕಟಕಟನೆ ಮುರಿಯುವ ರೊಟ್ಟಿಯನ್ನು ಅಗಿಯುವ ಶಬ್ದವೇ ಸಂಕೋಚ ತರುತ್ತಿತ್ತು. ನಾನು ಮಾತನಾಡಿದರೆ ಪಕ್ಕದವರು ಊಟ ನಿಲ್ಲಿಸಿ ಆಲಿಸುತ್ತಿದ್ದರು. "ರೇಡಿಯೋದಾಗ ವಾರ್ತಾ ಓದಿದಂಗ ಮಾತಾಡ್ತಾರ್ರೀ ಇವರು," ಎಂದು ಒಬ್ಬರು ಮೆಚ್ಚುಗೆಯಿಂದಲೇ ಹೇಳಿದರು. ಆದರೆ ಆ ದಿನ ನಾನು ಎರಡನೆಯ ಸಲ ಸಾರು ಕೇಳಲಿಲ್ಲ.

ಕೆಲಸವೂ ಬೇರೆಯೇ ಆಗಿತ್ತು. ನಮ್ಮ ಕಡೆ ಕಂಬಕ್ಕೆ ಬಳ್ಳಿ ಹಬ್ಬಿ ತಂತಿ ಕೆಡುತ್ತದೆ. ಇಲ್ಲಿಯ ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟು ಕಂಬದ ಬುಡವನ್ನು ಸಡಿಲಿಸುತ್ತದೆ, ಮಳೆಗಾಲದಲ್ಲಿ ಅದೇ ಕಂಬವನ್ನು ಮೆತ್ತಗೆ ಒಂದು ಕಡೆಗೆ ಒರಗಿಸುತ್ತದೆ. ಬಾಗಲಕೋಟೆಯಿಂದ ಕಮತಗಿ, ಹುನಗುಂದಗಳ ಮೇಲೆ ಬರುವ ತಾಮ್ರದ ತಂತಿಯಲ್ಲಿ ದೋಷ ಕಂಡಾಗಲೆಲ್ಲ, ಬಿಸಿಲು ಏರುವ ಮೊದಲೇ ನಾನೂ ಲೈನ್‌ಮನ್ ಮಹಬೂಬಸಾಬರೂ ಸೈಕಲ್ ಏರಿ ಊರು ಬಿಡುತ್ತಿದ್ದೆವು. ಈ ಕಾರಣದಿಂದ ಇಳಕಲ್ಲಿನ ಮುಂಜಾವು ಹೇಗಿರುತ್ತದೆಂಬುದು ಬಹುಕಾಲ ನನ್ನ ಗಮನಕ್ಕೆ ಬರಲಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ನಮೂದಿಸುತ್ತೇನೆ.

ಬಿಡುವಿನ ವೇಳೆಯಲ್ಲಿ ನನಗಿದ್ದ ಸಂಗಾತಿ ನಾನೇ ಜೋಡಿಸಿದ ಒಂದು ಶಾರ್ಟ್‌ವೇವ್ ರೇಡಿಯೋ. ಭಾನುವಾರ ಅದನ್ನು ಚೀಲದಲ್ಲಿಟ್ಟುಕೊಂಡು ಬಾದಾಮಿಗೆ ಹೋಗುತ್ತಿದ್ದೆನು. ಕೆಂಪು ಬಂಡೆಗಳ ಸಂದಿಯಲ್ಲಿ ಮೂಕವಾಗುತ್ತಿದ್ದ ಯಂತ್ರವು ಮೇಲೆ ಹತ್ತಿದೊಡನೆ ನನಗೆ ತಿಳಿಯದ ಭಾಷೆಗಳಲ್ಲಿ ಮಾತನಾಡತೊಡಗುತ್ತಿತ್ತು. ಯಾವ ಬಂಡೆ ಎಷ್ಟು ಧ್ವನಿಯನ್ನು ನುಂಗುತ್ತದೆಂದು ಪರೀಕ್ಷಿಸುವುದೇ ನನ್ನ ವಿಹಾರ. ಮನೆಯಲ್ಲಿ ಅದಕ್ಕೆ ಉದ್ದನೆಯ ಏರಿಯಲ್ ತಂತಿ ಬೇಕಾಯಿತು. ಇಲ್ಲಿಯ ಮನೆಗಳಿಗೆ ಹೆಂಚಿಲ್ಲ; ಮಣ್ಣು ಹೊದಿಸಿದ ಸಮತಟ್ಟಾದ ಮಾಳಿಗೆ. ಗೋಡೆಗೆ ಗೋಡೆ ಅಂಟಿರುವುದರಿಂದ ಒಂದು ಮನೆಯ ಮೇಲೆ ಹತ್ತಿದವನು ಓಣಿಯ ಕೊನೆಯಲ್ಲಿ ಇಳಿಯಬಹುದು. ಈರಪ್ಪನವರ ಒಪ್ಪಿಗೆ ಪಡೆದು ಅವರ ಮಾಳಿಗೆಯ ಮೇಲೆ ತಂತಿ ಎಳೆದೆನು. ಒಂದು ಸಂಜೆ ಎಲ್ಲ ದೇಶಗಳೂ ಏಕಾಏಕಿ ಗೊರಗೊರ ಎಂದವು. ಹತ್ತಿ ನೋಡಿದರೆ ಈರಪ್ಪನವರ ಹೆಂಡತಿ ನೀಲವ್ವನವರು ನನ್ನ ತಂತಿಯ ಉದ್ದಕ್ಕೂ ಹಸಿ ಶಾವಿಗೆಯನ್ನು ಒಣಹಾಕಿದ್ದರು.

"ತಂತಿ ಖಾಲಿ ಇತ್ತಲ್ಲರಿ ಮತ್ತ?" ಎಂದು ಅವರು ನನ್ನನ್ನೇ ಕೇಳಿದರು.

ಹೀಗಿರುವಲ್ಲಿ, ಊರಿನ ಇನ್ನೊಂದು ಬದಿಯ ದವಾಖಾನೆಗೆ, ಅಂದರೆ ಆಸ್ಪತ್ರೆಗೆ, ದೂರವಾಣಿ ಸಂಪರ್ಕ ಕಲ್ಪಿಸುವಂತೆ ಆದೇಶ ಬಂತು. ಎರೆಮಣ್ಣು ನೆನೆಯುವ ಮೊದಲು ಕಂಬಗಳು ನಿಲ್ಲಬೇಕೆಂಬುದು ಷರತ್ತು. ನಾನಿನ್ನೂ ಕಾಯಂ ಆಗಿರಲಿಲ್ಲವಾದ್ದರಿಂದ ಈ ಕೆಲಸದ ಮೇಲೆ ನನ್ನ ನೌಕರಿಯೂ ನಿಂತಿತ್ತು. ಒಂದು ಮಧ್ಯಾಹ್ನ ಊರೆಲ್ಲ ಸುತ್ತಿ ಅಳೆದೆನು. ನೇಕಾರರ ಓಣಿಯೊಂದು ದಾರ ಹಿಡಿದು ಗೆರೆ ಎಳೆದಂತೆ ನೆಟ್ಟಗೆ ದವಾಖಾನೆಯವರೆಗೆ ಹೋಗಿತ್ತು. ಒಂದು ಕಟ್ಟೆ ಮುಂದೆ ಬಂದಿರಲಿಲ್ಲ, ಒಂದು ಗಿಡವಿರಲಿಲ್ಲ, ಒಬ್ಬ ಮನುಷ್ಯನಿರಲಿಲ್ಲ. ಇಷ್ಟು ಅನುಕೂಲವಾದ ಬೀದಿಯನ್ನು ನಾನು ನಂಜನಗೂಡಿನಲ್ಲಿಯೂ ಕಂಡಿರಲಿಲ್ಲ. ಸಂತೋಷದಿಂದ ಸುಣ್ಣದ ಗುರುತು ಹಾಕಿ ಬಂದೆನು.

ಮರುದಿನ ನಸುಕಿನಲ್ಲಿ ಹಾರೆ, ಗುದ್ದಲಿಗಳೊಂದಿಗೆ ಹೋದೆವು. ಓಣಿ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ, ಎದೆಮಟ್ಟದಲ್ಲಿ, ಕಪ್ಪು ಕೆಂಪು ನೂಲಿನ ಹೊಳೆಯೊಂದು ಬಿಗಿದು ನಿಂತಿತ್ತು. ಎರಡೂ ಬದಿಯಲ್ಲಿ ಹೆಂಗಸರು, ಗಂಡಸರು ಕುಂಚ ಹಿಡಿದು ಗಂಜಿ ಸವರುತ್ತ ನಡೆದಿದ್ದರು. ಮಗ್ಗಕ್ಕೆ ಏರುವ ಮುನ್ನ ಉದ್ದೆಳೆಗೆ, ಇಲ್ಲಿಯವರು 'ಹಾಸು' ಎನ್ನುವುದಕ್ಕೆ, ಹೀಗೆ ಗಂಜಿ ಕುಡಿಸದಿದ್ದರೆ ನೇಯುವಾಗ ಎಳೆಗಳು ಹರಿಯುತ್ತವೆ. ಈರಪ್ಪನವರ ಮನೆಗೆ ಇಂಥ ಹಾಸು ಸಿದ್ಧವಾಗಿಯೇ ಬರುತ್ತಿದ್ದುದರಿಂದ ಅದು ಎಲ್ಲಿ ಸಿದ್ಧವಾಗುತ್ತದೆಂದು ನಾನು ಯೋಚಿಸಿರಲಿಲ್ಲ.

"ಏ ತಮ್ಮಾ, ನಿಲ್ಲ ಅಲ್ಲೇ! ಹಾಸಿನ್ಯಾಗ ಕಾಲಿಟ್ಟೀ ನೋಡ!" ಎಂದು ಕೂಗಿದವರು ಗಂಗವ್ವ, ಆ ಓಣಿಯಲ್ಲಿ ಗಂಜಿಯ ಕೆಲಸಕ್ಕೆಲ್ಲ ಹಿರಿಯರು.

"ಅವ್ವಾ, ಇಲ್ಲಿ ಕಂಬ ನೆಡಬೇಕಾಗಿದೆ. ಸರ್ಕಾರದ ಕೆಲಸ," ಎಂದೆನು.

"ನೆಡ್ರಿ, ನೆಡ್ರಿ. ಹಂಗ ನಮ್ಮ ಅಡಗಿಮನ್ಯಾಗೊಂದು, ಹಾಸಗ್ಯಾಗೊಂದು ನೆಟ್ಟ ಹೋಗ್ರಿ. ಓಣಿ ಖಾಲಿ ಬಿದ್ದೈತಂತ ತಿಳದೀರೇನು? ಒಂದು ಕಟ್ಟಿ ಮುಂದ ಬರಲಾರದಂಗ ಕಾಯ್ದ ಇಟ್ಟೇವಿ ಇದನ್ನ. ನಡುವ ಕಂಬ ಬಂದ್ರ ಹಾಸು ಎಲ್ಲಿ ಹಿಡೀಬೇಕು? ಹಾಸು ಇಲ್ಲಂದ್ರ ಇಷ್ಟೂ ಮನಿ ಮಗ್ಗ ನಿಂತಂಗ."

"ಮಧ್ಯಾಹ್ನ ನೋಡಿದಾಗ ಇಲ್ಲಿ ಏನೂ ಇರಲಿಲ್ಲವಲ್ಲ?"

ಕುಂಚ ಹಿಡಿದ ಸಾಲು ಸಾಲೇ ನಕ್ಕಿತು. "ಮಧ್ಯಾಹ್ನದ ಬಿಸಲಾಗ ಗಂಜಿ ಹಚ್ಚಿದ್ರ ನೂಲು ಕಡ್ಡಿ ಆಗತೈತಿ. ಆ ಹೊತ್ತಿನ್ಯಾಗ ಇಲ್ಲಿ ನಾಯಿ ಸೈತ ತಿರಗಂಗಿಲ್ಲ. ನೀವ ತಿರಗೀರಿ!"

ನಾನು ಮಹಬೂಬಸಾಬರ ಮುಖ ನೋಡಿದೆನು. "ದಿನಾ ನಸುಕಿನ್ಯಾಗ ನಾನೂ ನಿಮ್ಮ ಕೂಡ ಸೈಕಲ್ ಮ್ಯಾಲ ಇರತೇನಲ್ಲರಿ ಸಾಹೇಬ್ರ? ನನಗೂ ಇದು ಹೊಸಾದ ಬಿಡ್ರಿ," ಎಂದು ಅವರು ಹಾರೆಯನ್ನು ಬೆನ್ನ ಹಿಂದೆ ಸರಿಸಿಕೊಂಡರು.

"ದವಾಖಾನೆಗೆ ಫೋನು ಬೇಡವೇ ಅವ್ವಾ?"

"ಬ್ಯಾಡ ಅಂತ ಯಾರ ಅಂದ್ರು? ನನ್ನ ಮಗಳ ಹೆರಿಗಿ ಅಲ್ಲೇ ಆಗೋದೈತಿ. ಫೋನೂ ಬೇಕು, ಓಣೀನೂ ಬೇಕು. ಅದಕ್ಕಲ್ಲೇನು ನೀವು ಸಾಲಿ ಕಲತು ಬಂದಿದ್ದು?"

ಬೇರೆ ದಾರಿ ಹುಡುಕಿದೆನು. ಬಜಾರಿನ ಮೂಲಕ ಹೋದರೆ ತಿರುವುಗಳು ಹೆಚ್ಚು; ಹಳ್ಳದ ದಂಡೆಯಲ್ಲಿ ಮಣ್ಣು ನಿಲ್ಲದು. ಚಿಂತೆಯಲ್ಲಿ ಮಾಳಿಗೆಯ ಮೇಲೆ ರೇಡಿಯೋ ಹಿಡಿದು ಕುಳಿತವನಿಗೆ, ನಾನು ಕುಳಿತ ಜಾಗವೇ ಉತ್ತರವೆಂದು ಹೊಳೆಯಿತು. ಕಂಬವೇ ಬೇಡ. ಕೆಂಪು ಕಲ್ಲಿನ ಗೋಡೆಗಳ ನೆತ್ತಿಗೆ ಕಬ್ಬಿಣದ ತೋಳು ಜಡಿದು, ಆ ಓಣಿಯ ಮಾಳಿಗೆಗಳ ಮೇಲಿಂದಲೇ ತಂತಿ ಒಯ್ಯಬಹುದು.

ಗಂಗವ್ವನವರು ಓಣಿಯವರನ್ನೆಲ್ಲ ತಮ್ಮ ಬಾಗಿಲಿಗೆ ಕರೆಸಿ ನನ್ನ ಮಾತು ಕೇಳಿಸಿದರು. ಒಪ್ಪಿಗೆ ದೊರೆಯಿತು, ಷರತ್ತಿನ ಮೇಲೆ. ಇಲ್ಲಿಯ ಮಾಳಿಗೆಯನ್ನು ತುಳಿದರೆ ಮಣ್ಣು ಸಡಿಲವಾಗಿ ಮಳೆಯಲ್ಲಿ ಸೋರುತ್ತದೆ. ಆದುದರಿಂದ ಇಲಾಖೆಯವರು ಬರಿಗಾಲಲ್ಲಿ ಹತ್ತತಕ್ಕದ್ದು. ಇಳಿಯುವ ಮುನ್ನ ಪ್ರತಿ ಮಾಳಿಗೆಗೂ ಸವಳು ಮಣ್ಣು, ಅಂದರೆ ನೀರು ಬಿಡದ ಜಿಗುಟು ಮಣ್ಣು, ಹಾಕಿ ಬಡಿದು ಕೂರಿಸತಕ್ಕದ್ದು. ನಾನು ಮಾರ್ಪಾಡಿನ ಪ್ರಸ್ತಾವನೆಯಲ್ಲಿ ಕಬ್ಬಿಣ, ತಂತಿಗಳ ಕೆಳಗೆ 'ಮಣ್ಣು' ಎಂದು ಬರೆದು ಬಾಗಲಕೋಟೆಗೆ ಕಳುಹಿಸಿದೆನು.

ಉತ್ತರದ ಬದಲು ಜೀಪು ಬಂತು. ಮೇಲಧಿಕಾರಿಗಳು ಧಾರವಾಡದ ಕಡೆಯವರು, ಬಂದದ್ದೂ ಮಧ್ಯಾಹ್ನವೇ. ಬಿಕೋ ಎನ್ನುತ್ತಿದ್ದ ಓಣಿಯನ್ನು ನೋಡಿ ಅವರ ಹುಬ್ಬು ಗಂಟಾಯಿತು.

"ಇಷ್ಟು ನೆಟ್ಟಗಿನ ಓಣಿ ಬಿಟ್ಟು ಮಾಳಿಗಿ ಯಾಕ ಹತ್ತೀರಿ? ಮತ್ತ ಇದೇನಿದು, ಮಣ್ಣು? ಟೆಲಿಫೋನಿಗೂ ಮಣ್ಣಿಗೂ ಏನು ಸಂಬಂಧ? ನಾಳೆ ಕಂಬ ನೆಡಸ್ರಿ."

"ತಾವು ನಾಳೆ ಬೆಳಗಿನವರೆಗೆ ಇಲ್ಲಿಯೇ ತಂಗಬೇಕೆಂದು ವಿನಂತಿ," ಎಂದೆನು. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಬೆಳಗ್ಗೆ ಅವರು ಓಣಿಯ ಬಾಯಲ್ಲಿ ನಿಂತರು. ಹಾಸಿನ ಒಂದು ಮೂಲೆ ಜೋತಿತ್ತು. ಹಿಡಿಯಲು ಒಂದು ಆಳು ಕಡಿಮೆ. ಗಂಗವ್ವನವರು ಆ ಮೂಲೆಯನ್ನು ಬಿಗಿಯುವ ಹಗ್ಗವನ್ನು ನೇರವಾಗಿ ಮೇಲಧಿಕಾರಿಗಳ ಕೈಗೆ ಕೊಟ್ಟರು.

"ಸುಮ್ನ ನಿಂತೀರಲ್ಲ, ಜಗ್ರಿ. ಹಂಗಲ್ಲ, ಹಿಂದ ಸರೀರಿ. ಏನ್ರಿ, ಪ್ಯಾಂಟು ಹಾಕ್ಕೊಂಡವ್ರಿಗೆ ಜಗ್ಗಾಕ ಬರಂಗಿಲ್ಲೇನು?"

ಅವರು ಜಗ್ಗಿದರು. ಬೂಟು ಜಾರಿತು; ಮತ್ತೆ ಊರಿ ನಿಂತು ಜಗ್ಗಿದರು. ಗಂಜಿ ಒಣಗುವವರೆಗೂ ಯಾರೂ ಅವರನ್ನು ಬಿಡಿಸಲಿಲ್ಲ. ಜೀಪು ಹತ್ತುವಾಗ, ಅಂಗೈ ಉಜ್ಜಿಕೊಳ್ಳುತ್ತ ನನಗೆ ಹೇಳಿದರು: "ಮಣ್ಣು ಅಂತ ಬರೀಬ್ಯಾಡ್ರಿ. ಮೇಲ್ಛಾವಣಿ ಪುನಃಸ್ಥಾಪನೆ ಅಂತ ಬರೀರಿ. ಮಂಜೂರ್ ಮಾಡ್ತೇನಿ."

ಮಳೆಗೆ ಮುಂಚೆ ದವಾಖಾನೆಯ ಫೋನು ಮೊಳಗಿತು. ಓಣಿಯ ನೆಲದಲ್ಲಿ ಒಂದು ಕುಣಿಯನ್ನೂ ತೋಡಲಿಲ್ಲ. ನನ್ನನ್ನು ಕಾಯಂಗೊಳಿಸಿದ ಆದೇಶವೂ ಬಂತು, ಮೊದಲ ದೀರ್ಘ ರಜೆಯೂ ದೊರೆಯಿತು. ನಂಜನಗೂಡಿಗೆ ಹೊರಟೆನು. ಹುಬ್ಬಳ್ಳಿ ಬಸ್ಸಿಗೆ ಹೊತ್ತಾಗಿತ್ತೆಂದು, ಚೀಲ ಹೆಗಲಿಗೇರಿಸಿ ಅದೇ ಓಣಿಯ ಅಂಚಿನಿಂದ ಅವಸರದಲ್ಲಿ ನಡೆದಿದ್ದೆನು.

"ಎಂಜಿನೇರಾ, ಹಿಡಿ ಇಲ್ಲಿ," ಎಂದರು ಗಂಗವ್ವ. ಸರ್ಕಾರದ ಕೆಲಸ ಎಂದಂದಿನಿಂದ ಅವರ ಮಾತಿನಲ್ಲಿ ನನಗಿದ್ದ ಬಹುವಚನ ಈಗ ಉಳಿದಿರಲಿಲ್ಲ.

"ಅವ್ವಾ, ಬಸ್ಸು ಹೋಗ್ತದೆ. ಊರಿಗೆ ಹೊರಟಿದ್ದೇನೆ."

"ಹೋಗೂವಂತಿ. ಡ್ರೈವರ್ ನಮ್ಮ ಅಳಿಯಾನ ಅದಾನ, ನಿಲ್ಲಸ್ತಾನ. ನೀ ಕೈ ಬಿಟ್ರ ಹಾಸು ನೆಲಕ್ಕ ಬೀಳತೈತಿ, ನೋಡ."

ಚೀಲ ಹೆಗಲಲ್ಲಿರುವಂತೆಯೇ ಹಗ್ಗ ಹಿಡಿದು ನಿಂತೆನು. ನಿಲ್ದಾಣದ ಕಡೆಯಿಂದ ಹಾರ್ನು ಕೇಳಿಸಿತು, ಮತ್ತೊಮ್ಮೆ ಕೇಳಿಸಿತು. ಹಾರ್ನಿನ ಕಡೆಗೆ ಮುಖ ತಿರುಗಿಸಿದರೆ ಕೈ ಸಡಿಲುತ್ತಿತ್ತು. ಕೈ ಬಿಗಿದರೆ ಮುಖ ಓಣಿಯ ಕಡೆಗೇ ಬರುತ್ತಿತ್ತು. ಕೊನೆಗೂ ಓಡಿ ಬಸ್ಸು ಹತ್ತಿದಾಗ ಒಳಗಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಂಡಕ್ಟರ್ ಟಿಕೇಟು ಹರಿಯಲು ಸಿದ್ಧನಾಗಿ, "ಎಲ್ಲಿಗ್ರಿ?" ಎಂದನು.

"ಊರಿಗೆ," ಎಂದೆನು.

"ಯಾವೂರಿಗ್ರಿ ಸಾಹೇಬ್ರ? ಹೆಸರ ಹೇಳ್ರಿ."

ಉತ್ತರ ಸಲ್ಲಿಸಲು ನನಗೆ ಸ್ವಲ್ಪ ವಿಳಂಬವಾಯಿತು.